ದಂಡಕ್ಕಿಂತ ದುಡಿಮೆ

ಸಂಜೆಯಾದರೆ ಬಸ್ ನಿಲ್ದಾಣದಲ್ಲಿ ಹೆಣ್ಣುಮಕ್ಕಳು ಕುಡುಕರನ್ನು ಕಂಡು ದೂರ ಸರಿದು ನಿಲ್ಲುವುದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಯಾವ ಊರಿಗೂ ಹೊಸತಲ್ಲ. ಕಾನೂನಿಗೇನೂ ಬರವಿಲ್ಲ. ಬೀದಿಯ ಪುಂಡಾಟಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಕಲಮು ಇದೆ. ಕುಡಿದು ಸಾರ್ವಜನಿಕರಿಗೆ ಕಿರುಕುಳ ಕೊಟ್ಟವನಿಗೆ 1860ರ ದಂಡ ಸಂಹಿತೆ ವಿಧಿಸುತ್ತಿದ್ದದ್ದು 24 ಗಂಟೆಯ ಸಜೆ ಇಲ್ಲವೇ ಬರೇ 10 ರೂಪಾಯಿ ದಂಡ! ಅದೇ ಹತ್ತು ರೂಪಾಯಿ ಒಂದೂವರೆ ಶತಮಾನ ದಾಟಿ ಬಂತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಮು ದಂಡವನ್ನು 1,000 ರೂಪಾಯಿವರೆಗೆ ಏರಿಸಿದೆ. ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಕೂಲಿಯಿಲ್ಲದ, ಊರಿಗೆ ಉಪಯೋಗವಾಗುವ ಕೆಲಸ.

ನಮಗೆ ಹಿಡಿಸಿದ್ದು ಇದೇ. ಸಾವಿರ ರೂಪಾಯಿ ಕೊನೆಗೆ ಕುಡುಕನ ಹೆಂಡತಿಯ ಸೀರೆಯ ಗಂಟಿನಿಂದಲೇ ಹೋಗುತ್ತದೆ. ಸೂಳೆಕೆರೆ ಏರಿಯ ಮೇಲೆ, ಹೊನ್ನಾಳಿಯ ತುಂಗಭದ್ರೆಯ ದಡದಲ್ಲಿ ಒಡೆದ ಬಾಟಲಿ ಹೆಕ್ಕುವ ಕೆಲಸ ಅವನ ಮೈಗೇ ತಟ್ಟುತ್ತದೆ. ಪೊಲೀಸರು ಗದರಿಸಿ ಕಳಿಸುವುದನ್ನು ಬಿಟ್ಟು ಇಂಥ ಪ್ರಕರಣಗಳನ್ನು ನ್ಯಾಯಾಲಯಕ್ಕೆ ಒಯ್ಯಲಿ. ಮಾಡಿಸಬೇಕಾದ ಕೆಲಸದ ಪಟ್ಟಿಯನ್ನು ಪಟ್ಟಣದ ಆಡಳಿತಗಳು ಈಗಲೇ ಸಿದ್ಧಪಡಿಸಲಿ.