ಬಂಡಿ ಜಾಡು ಯಾರದು?

ದಾರಿ ಎಂದರೆ ಟಾರು ಎಂದು ನಮ್ಮನ್ನು ನಂಬಿಸಿದವರು ಯಾರೋ ತಿಳಿಯದು. ಆದರೆ ಆ ನಂಬಿಕೆಯಿಂದ ಲಾಭವಾದದ್ದು ಯಾರಿಗೆ ಎಂಬುದು ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಒಂದು ಸುತ್ತು ಹಾಕಿ ಬಂದರೆ ಚೆನ್ನಾಗಿ ತಿಳಿಯುತ್ತದೆ. ಟಾರು ಕಾಣದ ದಾರಿ ದಾರಿಯೇ ಅಲ್ಲ, ಅದು ಬರೀ ಖಾಲಿ ಜಾಗ. ಖಾಲಿ ಜಾಗವಾದರೆ ಬೇಲಿ ಹಾಕಬಹುದು, ಗೇಟು ನಿಲ್ಲಿಸಬಹುದು, ಸೈಟು ಮಾಡಿ ಮಾರಬಹುದು. ಹೀಗೆ ಹೊರಟ ತರ್ಕ ಎಷ್ಟು ಬಂಡಿ ಜಾಡುಗಳನ್ನು, ಎಷ್ಟು ಓಣಿಗಳನ್ನು, ಎಷ್ಟು ಕೆರೆ ಏರಿಗಳನ್ನು ನುಂಗಿ ನೀರು ಕುಡಿದಿದೆಯೋ!

ನಾನು ದೊಡ್ಡಬಳ್ಳಾಪುರದವಳು. ಮಗ್ಗದ ಸದ್ದಿನಲ್ಲೇ ಬೆಳೆದವಳು. ಹತ್ತು ಹನ್ನೆರಡು ವರ್ಷಗಳಿಂದ ವಾರಕ್ಕೆ ಎರಡು ಮೂರು ದಿನ ಬೆಳಿಗ್ಗೆ ಸೈಕಲ್ ಹತ್ತಿ ಹೆಸರಘಟ್ಟದ ಕಡೆಗೋ ಮಾಕಳಿದುರ್ಗದ ಕಡೆಗೋ ಹೋಗಿ ಬರುವುದು ನನ್ನ ಅಭ್ಯಾಸ. ಐವತ್ತು ದಾಟಿದ ಹೆಂಗಸು ಸೈಕಲ್ ತುಳಿಯುವುದನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಒಂದೇ: "ಡಾಕ್ಟರು ಹೇಳಿದ್ದಾರಾ?" ನಮ್ಮಲ್ಲಿ ಹೆಣ್ಣಿನ ಸಂತೋಷಕ್ಕೂ ಡಾಕ್ಟರ ಚೀಟಿ ಬೇಕು! ಯಾರೂ ಹೇಳಿಲ್ಲ, ನನಗೆ ಇಷ್ಟ, ಅದಕ್ಕೇ ಹೋಗುತ್ತೇನೆ ಎಂದರೆ ನಂಬುವವರು ಕಡಿಮೆ.

ಹೆದ್ದಾರಿಯಲ್ಲಿ ನಾನು ಹೋಗುವುದಿಲ್ಲ. ಅಲ್ಲಿ ಸೈಕಲ್ಲಿಗೆ ಜಾಗವೂ ಇಲ್ಲ, ಮರ್ಯಾದೆಯೂ ಇಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆಗೆ ಯಂತ್ರವಿಲ್ಲದ ವಾಹನಗಳೂ ಹೋಗುವಂತಿಲ್ಲ ಎಂದು ಆದೇಶವಾಯಿತು. ಸುರಕ್ಷತೆಗಾಗಿ ಎಂದರು. ಇರಬಹುದು. ಅಷ್ಟು ವೇಗದ ಕಾರುಗಳ ನಡುವೆ ಎತ್ತಿನ ಗಾಡಿ ಹೋಗಲಿ ಎಂದು ಯಾರೂ ಹೇಳುವುದಿಲ್ಲ. ಆದರೆ ದೊಡ್ಡ ದಾರಿಯನ್ನು ವೇಗಕ್ಕೆ ಬಿಟ್ಟುಕೊಟ್ಟ ಮೇಲೆ ಸಣ್ಣ ದಾರಿಯನ್ನಾದರೂ ನಿಧಾನಕ್ಕೆ ಉಳಿಸಬೇಡವೆ? ಅಲ್ಲಿಂದಲೂ ಅಟ್ಟಿದರೆ, ಇಲ್ಲಿಂದಲೂ ಅಟ್ಟಿದರೆ ಕಾಲಿನ ಬಲದಲ್ಲಿ ಸಾಗುವವರು ಹೋಗುವುದಾದರೂ ಎಲ್ಲಿಗೆ?

ಈಚಿನ ವರ್ಷಗಳಲ್ಲಿ ಈ ಮಣ್ಣಿನ ದಾರಿಗಳಿಗೆ ಹೊಸ ನೆಂಟರು ಬರತೊಡಗಿದ್ದಾರೆ. ಭಾನುವಾರ ನಸುಕಿನಲ್ಲೇ ಬೆಂಗಳೂರಿನಿಂದ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಬರುತ್ತಾರೆ. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ. ಅವರ ಸೈಕಲ್ಲಿಗೆ 'ಗ್ರಾವೆಲ್ ಬೈಕ್' ಎಂದು ಹೆಸರು. ಅಮೆರಿಕದ ಜಲ್ಲಿ ರಸ್ತೆಗಳಲ್ಲಿ ಪ್ರಚಾರಕ್ಕೆ ಬಂದ ಜಾತಿ ಇದು. ಅಲ್ಲಿನ ಕ್ಯಾನ್ಸಸ್ ರಾಜ್ಯದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಜಲ್ಲಿದಾರಿ ಸ್ಪರ್ಧೆ ಈಗ ಲೋಕಪ್ರಸಿದ್ಧ. ರೇಸಿನ ಸೈಕಲ್ಲಿನ ಟೈರು 25ರಿಂದ 28 ಮಿಲಿಮೀಟರ್ ಅಗಲವಿದ್ದರೆ ಇದರದು ಸಾಮಾನ್ಯವಾಗಿ 35ರಿಂದ 50. ಗಾಳಿಯನ್ನು ಸ್ವಲ್ಪ ಕಡಿಮೆ ತುಂಬಿದರೆ ಕಲ್ಲುಮಣ್ಣಿನ ಮೇಲೂ ಕುಲುಕಿಲ್ಲದೆ ಓಡುತ್ತದೆ. ಬೆಲೆ ಲಕ್ಷ ದಾಟುವುದೂ ಉಂಟು.

ನಗು ಬರುವುದು ಇಲ್ಲಿಯೇ. ನಮ್ಮ ಹಾಲಿನವನ ಕರಿ ಸೈಕಲ್ಲಿನ ಟೈರು ಒಂದೂವರೆ ಇಂಚು, ಅಂದರೆ ಸುಮಾರು 38 ಮಿಲಿಮೀಟರ್! ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಕೆರೆ ಏರಿಯ ಮೇಲೆ ತುಳಿದುಕೊಂಡು ಬರುತ್ತಿದ್ದ ಅವನು ಯಾವತ್ತೋ ಗ್ರಾವೆಲ್ ಬೈಕಿನ ಸವಾರನೇ ಆಗಿದ್ದ. ಅವನಿಗೆ ಹೆಲ್ಮೆಟ್ಟಿರಲಿಲ್ಲ, ಫೋಟೋ ತೆಗೆಯುವವರಿರಲಿಲ್ಲ, ಅಷ್ಟೆ.

ಈ ಹೊಸಬರ ಮೇಲೆ ನನಗೆ ಸಿಟ್ಟಿಲ್ಲ. ಮಣ್ಣಿನ ದಾರಿಯ ರುಚಿ ಕಂಡವರು ಎಂದು ಪ್ರೀತಿಯೇ ಇದೆ. ಕನಕಪುರ ರಸ್ತೆಯ ಬಳಿಯ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಅರಣ್ಯ ಇಲಾಖೆ 'ಟ್ರೀ ಪಾರ್ಕ್' ಮಾಡಹೊರಟಾಗ ಸುತ್ತಲಿನ ನಿವಾಸಿಗಳ ಜೊತೆ ಸೈಕಲ್ ಸವಾರರೂ ದನಿಯೆತ್ತಿದರು, ಯೋಜನೆ ನಿಂತಿತು. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ಸಚಿವ ಸಂಪುಟ ಒಪ್ಪಿದ್ದರ ಹಿಂದೆಯೂ ಹಕ್ಕಿ ನೋಡುವವರ, ನಡೆಯುವವರ ಬಹುಕಾಲದ ಒತ್ತಾಯವಿತ್ತು. ಕಾಡಿಗಾಗಿ, ಹುಲ್ಲಿಗಾಗಿ ಕೇಳುವವರು ಇದ್ದಾರೆ. ನನ್ನ ಜಗಳವಿರುವುದು ದಾರಿಯ ವಿಷಯದಲ್ಲಿ. ದಾರಿಗಾಗಿ ಕೇಳುವವರು ಯಾರು?

ನಮ್ಮ ಊರಿನಿಂದ ಕೆಲವು ಮೈಲಿ ದೂರದ ಒಂದು ಹಳ್ಳಿ. ಹೆಸರು ಬೇಡ. ಬಸ್ ನಿಲ್ದಾಣದಿಂದ ಊರಿಗೆ ಹೊಲಗಳ ನಡುವೆ ಬಂಡಿ ಜಾಡಿತ್ತು. ಇಕ್ಕೆಲದಲ್ಲೂ ಹೊಂಗೆ, ಲಂಟಾನ, ಅಲ್ಲೊಂದು ಇಲ್ಲೊಂದು ಹುಣಸೆ. ಒಂದು ಬೆಳಿಗ್ಗೆ ನೋಡುತ್ತೇನೆ, ಜಾಡಿಗೆ ಅಡ್ಡಲಾಗಿ ಕಬ್ಬಿಣದ ಗೇಟು! ಹಿಂದೆ ಬಡಾವಣೆಯೊಂದರ ಬಣ್ಣದ ಬೋರ್ಡು. ಕಾವಲುಗಾರ ಸಭ್ಯ ಹುಡುಗ. "ಮೇಡಂ, ಇದು ಪ್ರೈವೇಟ್ ಪ್ರಾಪರ್ಟಿ, ಈ ಕಡೆ ಬಿಡಲ್ಲ" ಎಂದ. ಮೇವಿನ ಹೊರೆ ಹೊತ್ತು ಗೇಟಿನ ಪಕ್ಕದ ಬೇಲಿಯಲ್ಲಿ ನುಸುಳುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ ನಿಂತರು. "ನಮ್ಮತ್ತೆ ಕಾಲ್ದಾಗಿಂದ ಓಡಾಡಿದ್ ದಾರಿ ಕಣವ್ವ. ಈಗ ಸುತ್ತಿ ಬಳಸಿ ಹೋಗ್ಬೇಕು. ನಿಂಗೇನವ್ವ, ಸೈಕಲ್ ಐತೆ. ಈ ಹೊರೆ ಹೊತ್ಕೊಂಡು ನಾನೆಲ್ಲಿ ಸುತ್ತಲಿ?" ಎಂದರು.

ಆ ಮಾತಿನಲ್ಲಿ ನನ್ನ ವಾದವೆಲ್ಲ ಇದೆ. ಭಾನುವಾರದ ಸವಾರನಿಗೆ ಒಂದು ದಾರಿ ಮುಚ್ಚಿದರೆ ಏನಾಗುತ್ತದೆ? ಫೋನಿನಲ್ಲಿ ನಕ್ಷೆ ನೋಡಿ ಇನ್ನೊಂದು ದಾರಿ ಹುಡುಕಿಕೊಳ್ಳುತ್ತಾನೆ. ಮುಂದಿನ ವಾರ ಮಂಚನಬೆಲೆಯ ಕಡೆ, ಅದರ ಮುಂದಿನ ವಾರ ನಂದಿಬೆಟ್ಟದ ಬುಡಕ್ಕೆ. ಮೇವು ಹೊರುವವಳಿಗೆ ಇನ್ನೊಂದು ದಾರಿ ಎಲ್ಲಿದೆ? ಹೈಸ್ಕೂಲಿಗೆ ಹೋಗುವ ಹುಡುಗಿಗೆ ಎಲ್ಲಿದೆ? 2006-07ರಿಂದ ಎಷ್ಟೋ ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಸೈಕಲ್ ತುಳಿದುಕೊಂಡು ಶಾಲೆಗೆ ಹೋದ ಹುಡುಗಿಯರ ಸಾಲು ನಮ್ಮ ಕಣ್ಣಿಗೆ ಎಂಥ ಹಬ್ಬವಾಗಿತ್ತು! 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಎಲ್ಲವೂ ಸರಿ. ಸೈಕಲ್ ಕೊಟ್ಟು ದಾರಿ ಕಿತ್ತುಕೊಂಡರೆ ಹೇಗೆ? ಬಸ್ಸು ಹತ್ತಲು ದುಡ್ಡು ಬೇಡ, ಆದರೆ ಬಸ್ಸಿನವರೆಗೆ ಹೋಗಲು ಬೇಲಿ ನುಸುಳಬೇಕು ಎಂದರೆ ಅದು ಎಂಥ ಶಕ್ತಿ?

"ಅಯ್ಯೋ, ಅದು ಅವರ ಜಮೀನು, ದುಡ್ಡು ಕೊಟ್ಟು ಕೊಂಡಿದ್ದಾರೆ" ಎನ್ನುವವರಿದ್ದಾರೆ. ಜಮೀನು ಕೊಂಡಿರಬಹುದು, ದಾರಿಯನ್ನು ಕೊಳ್ಳಲಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು ಎನ್ನುತ್ತದೆ. ಅದರ ಮುಂದಿನ 68ನೆಯ ಕಲಮು ಇನ್ನೂ ಮುಖ್ಯ. ಸಾರ್ವಜನಿಕ ದಾರಿಯೊಂದು ಬೇಡವಾಗಿದೆ ಎಂದು ಅದರ ಮೇಲಿನ ಜನರ ಹಕ್ಕನ್ನು ತೆಗೆದುಹಾಕಬೇಕಾದರೆ ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ಅಂದರೆ ಕಾನೂನಿನ ಕಣ್ಣಿನಲ್ಲಿ ದಾರಿ ತಾನಾಗಿ ಸಾಯುವುದಿಲ್ಲ, ರಾತ್ರೋರಾತ್ರಿ ಗೇಟು ನಿಲ್ಲಿಸಿದವನಿಗೆ ಅದನ್ನು ಕೊಲ್ಲುವ ಅಧಿಕಾರವೂ ಇಲ್ಲ. ಪಹಣಿಯಲ್ಲಿ 'ಖರಾಬು' ಎಂಬ ಮಾತನ್ನು ಕಂಡು ಕೆಟ್ಟ ಜಮೀನು ಎಂದುಕೊಳ್ಳಬೇಡಿ. ಅದರಲ್ಲಿ 'ಬಿ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನಗಳಂಥ ಎಲ್ಲರ ಉಪಯೋಗಕ್ಕೆ ಬಿಟ್ಟ ನೆಲ. ಹೆಸರು ಖರಾಬು, ಆದರೆ ಊರಿನ ಅತ್ಯಂತ ಒಳ್ಳೆಯ ನೆಲ ಅದೇ!

ಎರಡನೆಯ ಮಾತು ನಮ್ಮ ಮನೆಗಳಿಂದಲೇ ಬರುತ್ತದೆ. "ಅಂಥ ದಾರೀಲಿ ಒಂಟಿ ಹೆಂಗಸು ಹೋಗಬಾರದು." ಇದನ್ನು ನನಗೆ ಹೇಳದವರಿಲ್ಲ. ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಯೋಚಿಸಿ ನೋಡಿ. ಹೊಲದ ನಡುವಿನ ಜಾಡಿನಲ್ಲಿ ಕಳೆ ಕೀಳುವವರಿರುತ್ತಾರೆ, ಕುರಿ ಮೇಯಿಸುವವರಿರುತ್ತಾರೆ, ಕೂಗಿದರೆ ಓಗೊಡುವ ನಾಲ್ಕು ಜನ ಇರುತ್ತಾರೆ. ಎರಡೂ ಕಡೆ ಹತ್ತಡಿ ಕಾಂಪೌಂಡು ಎದ್ದ ಮೇಲೆ, ಹೊಲ ಬೀಡು ಬಿದ್ದ ಮೇಲೆ, ಜನ ಓಡಾಡುವುದು ನಿಂತ ಮೇಲೆ ಅದೇ ದಾರಿ ಭಯದ ದಾರಿಯಾಗುತ್ತದೆ. ದಾರಿಯನ್ನು ಕಾಯುವುದು ಹೆಜ್ಜೆಗಳು. ಹೆಂಗಸರು ಹೋಗದಿದ್ದರೆ ದಾರಿ ಸುರಕ್ಷಿತವಾಗುತ್ತದೆಯೆ? ಹೆಂಗಸರು ಹೋಗದ ದಾರಿ ಮುಚ್ಚಲು ಸುಲಭ, ಅಷ್ಟೆ. ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಮೊದಲಲ್ಲಿ ಸಾಕ್ಷರತಾ ಆಂದೋಲನದ ಭಾಗವಾಗಿ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಅವರನ್ನೂ ಆಡಿಕೊಂಡು ನಕ್ಕವರಿದ್ದರು. ಅವರು ತುಳಿಯುತ್ತ ಹೋದರು, ನಗುವವರಿಗೆ ಬಾಯಿ ನೋಯಿತು.

ಮೂರನೆಯ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. "ಪಟ್ಟಣದ ಹೆಂಗಸು ನೀನು. ನಿನಗೆ ಮಣ್ಣಿನ ದಾರಿ ಚೆಂದ. ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದ ನಮಗೆ ಟಾರು ಬೇಕು" ಎಂದು ಹಳ್ಳಿಯ ತಾಯಿ ಹೇಳಿದರೆ ಅದಕ್ಕೆ ಎದುರು ಮಾತಿಲ್ಲ. ಊರಿಗೊಂದು ಗಟ್ಟಿ ರಸ್ತೆ ಬೇಕೇ ಬೇಕು. ನಾನು ಕೇಳುತ್ತಿರುವುದು ಆ ಒಂದು ರಸ್ತೆ ಬಂದಿತೆಂದು ಉಳಿದ ನಾಲ್ಕು ಜಾಡುಗಳನ್ನು ಮಾರಿಕೊಳ್ಳಬೇಡಿ ಎಂದು. ಹೊಲಕ್ಕೆ ಹೋಗುವ ದಾರಿ, ಕೆರೆಗೆ ಹೋಗುವ ದಾರಿ, ಪಕ್ಕದೂರಿನ ತವರಿಗೆ ಹೋಗುವ ದಾರಿ ಇವಕ್ಕೆ ಟಾರು ಬೇಕಿಲ್ಲ, ಬದುಕಲು ಬಿಟ್ಟರೆ ಸಾಕು. ಮಣ್ಣಿನ ದಾರಿ ಮಳೆ ನೀರನ್ನು ಕುಡಿಯುತ್ತದೆ, ಕಾಂಕ್ರೀಟು ಅದನ್ನು ಚರಂಡಿಗೆ ಓಡಿಸುತ್ತದೆ. 1894ರಲ್ಲಿ ಹೆಸರಘಟ್ಟದ ನೀರನ್ನು ಬೆಂಗಳೂರಿಗೆ ಹರಿಸಿದ ಅರ್ಕಾವತಿಯ ಸೀಮೆಯಲ್ಲಿ ಕುಳಿತು ಈ ಮಾತನ್ನು ಬಿಡಿಸಿ ಹೇಳಬೇಕೆ?

ಹಾಗಾದರೆ ಏನು ಮಾಡೋಣ? ಭಾಷಣ ನನಗೆ ಬಾರದು, ಕೆಲಸ ಹೇಳುತ್ತೇನೆ.

ಸೈಕಲ್ ಸವಾರರಿಗೆ ಮೊದಲು. ಅಣ್ಣಂದಿರೇ, ತಂಗಿಯರೇ, ನೀವು ಈ ದಾರಿಗಳನ್ನು 'ಕಂಡುಹಿಡಿದೆವು' ಎನ್ನುವುದನ್ನು ಬಿಡಿ. ಅಜ್ಜಿ ನಡೆದ ದಾರಿಯನ್ನು ಮೊಮ್ಮಗ ಕಂಡುಹಿಡಿಯುವುದಿಲ್ಲ. ಒದ್ದೆ ರಾಗಿ ಹೊಲದಲ್ಲಿ ಚಕ್ರ ಇಳಿಸಬೇಡಿ, ತಿಂದ ಪೊಟ್ಟಣ ಎಸೆಯಬೇಡಿ, ಕುರಿಮಂದೆ ಕಂಡರೆ ಇಳಿದು ನಿಲ್ಲಿ. ನಿಮ್ಮ ಫೋನಿನಲ್ಲಿ ದಿನಾಂಕ ಸಮೇತ ಪ್ರತಿ ಸವಾರಿಯ ಗೆರೆ ದಾಖಲಾಗಿರುತ್ತದೆ, ಫೋಟೋ ಇರುತ್ತದೆ. ಇಂಥ ದಿನ ಇಲ್ಲಿ ದಾರಿಯಿತ್ತು, ಜನ ಓಡಾಡುತ್ತಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು? ಗೇಟು ಕಂಡಾಗ ಸೈಕಲ್ ತಿರುಗಿಸಿಕೊಂಡು ಹೋಗುವ ಬದಲು ಆ ಗೆರೆಯನ್ನೂ ಫೋಟೋವನ್ನೂ ತಹಶೀಲ್ದಾರರಿಗೆ ಕಳುಹಿಸಿ. ಒಂದು ಬೆಳಗಿನ ಸುಖ ಕೊಟ್ಟ ದಾರಿಗೆ ಅಷ್ಟು ಋಣ ಸಲ್ಲಿಸಬಾರದೆ?

ಇನ್ನು ನಮ್ಮ ಸರದಿ. ಪಟ್ಟಣದಲ್ಲಿರುವ ನಮ್ಮಲ್ಲಿ ಬಹಳ ಜನರಿಗೆ ಹಳ್ಳಿಯಲ್ಲಿ ತವರಿದೆ, ಇಲ್ಲವೇ ಅತ್ತೆಮನೆಯ ತುಂಡು ಹೊಲವಿದೆ. ಭೂಮಾಪನ ಇಲಾಖೆಯ ಗ್ರಾಮ ನಕಾಶೆಯ ಪ್ರತಿ ತೆಗೆಸಿಕೊಳ್ಳಿ. ಅದರಲ್ಲಿ ಚುಕ್ಕೆ ಗೆರೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ತೋರಿಸಿರುತ್ತಾರೆ. ಸರ್ಕಾರದ್ದೇ 'ದಿಶಾಂಕ್' ಎಂಬ ಸೌಲಭ್ಯ ಫೋನಿನಲ್ಲಿದೆ. ನಿಂತ ಜಾಗದಲ್ಲೇ ಸರ್ವೆ ನಂಬರು ತೋರಿಸುತ್ತದೆ. ಮಕ್ಕಳ ಕೈಯಲ್ಲಿ ಕೊಟ್ಟರೆ ಎರಡು ನಿಮಿಷದ ಕೆಲಸ. ನಕಾಶೆಯಲ್ಲಿರುವ ದಾರಿ ನೆಲದ ಮೇಲಿಲ್ಲವಾದರೆ ಒಂದು ಅರ್ಜಿ ಬರೆಯಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಶುಲ್ಕ ಹತ್ತು ರೂಪಾಯಿ. ಗ್ರಾಮಸಭೆಯಲ್ಲಿ ಕೇಳಿ, ಕೇಳಿಸಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆ ಕುರ್ಚಿಯಲ್ಲಿ ಕೂರುವವಳಿಗೆ ಮೇವಿನ ಹೊರೆಯ ಭಾರ ಗೊತ್ತಿರುತ್ತದೆ.

ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಬಿಟ್ಟುಕೊಡುವುದಿಲ್ಲವೆಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಹಟ ಹಿಡಿದು ಕುಳಿತರು. ಹೆಂಗಸರೂ ಕುಳಿತರು. 2025ರ ಜುಲೈಯಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಟ್ಟಿತು. ನಮ್ಮ ನೆರೆಯಲ್ಲೇ ನಡೆದದ್ದು ಇದು. ಸಾವಿರಾರು ಎಕರೆಯನ್ನು ಉಳಿಸಿಕೊಳ್ಳುವುದು ಸಾಧ್ಯವಾದರೆ ಹತ್ತಡಿ ಅಗಲದ ಜಾಡನ್ನು ಉಳಿಸಿಕೊಳ್ಳುವುದು ಆಗದ ಮಾತೆ?

ಅರ್ಜಿ ಬರೆಯಲು ಕೂತಾಗ ಯಾರಾದರೂ "ನಿನಗ್ಯಾಕೆ ಊರ ಉಸಾಬರಿ" ಎಂದಾರು. ಎನ್ನಲಿ. ಅರ್ಜಿಗೆ ನಿಮ್ಮ ಹೆಸರು ಹಾಕಿ, ಕೆಳಗೆ ಆ ದಾರಿಯಲ್ಲಿ ಓಡಾಡುವ ಹೆಂಗಸರ ಸಹಿಗಳಿರಲಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ.