ಎರಡು ನಾಚಿಕೆಗಳ ನಡುವೆ

2024ರ ಫೆಬ್ರವರಿಯಲ್ಲಿ ಪುಣೆಯ ಪೊಲೀಸರು ದೌಂಡ್ ಸಮೀಪದ ಕುರಕುಂಭ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಮೆಫೆಡ್ರೋನ್ ಎಂಬ ಮಾದಕ ಪುಡಿಯ ಭಾರೀ ದಾಸ್ತಾನನ್ನು ವಶಪಡಿಸಿಕೊಂಡಾಗ, ಅದರ ತೂಕ ಮತ್ತು ಬೆಲೆಯ ಬಗ್ಗೆ ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಾತು ನಡೆಯಿತು. ಅದನ್ನು ಸೇವಿಸಿದವರ ಲೈಂಗಿಕ ನಡವಳಿಕೆ ಏನಾಗುತ್ತದೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ವ್ಯಸನಿಯೆಂದರೆ ತೂಕಡಿಸುವ, ಸೊರಗಿದ ಹುಡುಗನೆಂಬ ನಮ್ಮ ಕಲ್ಪನೆ ಎಂಬತ್ತರ ದಶಕದ್ದು. ಅಂದು ಪುಣೆಯಲ್ಲಿ ಹಬ್ಬಿದ್ದು ಬ್ರೌನ್ ಶುಗರ್, ಮರಾಠಿಯಲ್ಲಿ ‘ಗರ್ದ್’. ಅನಿಲ ಅವಚಟರು ಅದರ ಬಗ್ಗೆ ಬರೆದರು. ಅವರೂ ಪತ್ನಿ ಡಾ. ಅನಿತಾ ಅವರೂ 1986ರಲ್ಲಿ ‘ಮುಕ್ತಾಂಗಣ’ ವ್ಯಸನಮುಕ್ತಿ ಕೇಂದ್ರವನ್ನು ಆರಂಭಿಸಿದರು. ಅಫೀಮಿನ ಬಳಗಕ್ಕೆ ಸೇರಿದ ಆ ವಸ್ತು ಕಾಮಾಸಕ್ತಿಯನ್ನೇ ಬತ್ತಿಸುವಂಥದು. ಉತ್ತೇಜಕಗಳ ದಾರಿ ಬೇರೆ. ಮೆಫೆಡ್ರೋನ್, ಮೆತಾಂಫೆಟಮಿನ್, ಕೊಕೇನ್ ಮುಂತಾದವು ಮಿದುಳಿನಲ್ಲಿ ಡೋಪಮಿನ್ ಮಟ್ಟವನ್ನು ಏರಿಸಿ, ಆಯಾಸವನ್ನೂ ಸಂಕೋಚವನ್ನೂ ಅಳಿಸಿ, ಆಸೆಯನ್ನು ಕೆರಳಿಸುತ್ತವೆ. ಮಗ ಲವಲವಿಕೆಯಿಂದಿದ್ದಾನೆಂದು ಹೆತ್ತವರು ಹಿಗ್ಗುತ್ತಿರಬಹುದು! ಕೆರಳಿದ ಆಸೆಗೆ ವಿವೇಕದ ಕಡಿವಾಣ ಉಳಿಯುವುದಿಲ್ಲ. ಕಾಂಡೋಮ್ ಮರೆತುಹೋಗುತ್ತದೆ, ದೀರ್ಘಕಾಲದ ಸಂಭೋಗದಲ್ಲಿ ತರಚಿದ ಚರ್ಮ ಎಚ್‌ಐವಿ ಸೋಂಕಿಗೆ ಬಾಗಿಲಾಗುತ್ತದೆ, ಸೂಜಿ ಹಂಚಿಕೊಂಡವರಿಗೆ ಹೆಪಟೈಟಿಸ್ ಸಿ ಕಾದಿರುತ್ತದೆ. ಬಳಕೆ ಮುಂದುವರಿದಂತೆ ಗಂಡಸಿನ ಶಕ್ತಿಯೇ ಕುಂದುವುದುಂಟು. ಅಮಲಿಲ್ಲದೆ ಸಂಗಾತಿಯ ಸಾಮೀಪ್ಯವೇ ರುಚಿಸದ ಸ್ಥಿತಿಗೆ ಬಂದವರಿದ್ದಾರೆ. ಪೌರುಷದ ಹಂಬಲದಿಂದ ಈ ಪುಡಿಗೆ ಕೈಯೊಡ್ಡಿದವನಿಗೆ ದೊರೆಯುವ ಫಲವಿದು.

ಅಮಲೇರಿ, ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂದು ಅರಿಯದ ಹೆಣ್ಣಿನ ‘ಹೂಂ’ ಕಾನೂನಿನ ದೃಷ್ಟಿಯಲ್ಲಿ ಸಮ್ಮತಿಯಾಗದು. ‘ಅವಳು ಅಲ್ಲಿಗೇಕೆ ಹೋಗಿದ್ದಳು?’ ಎಂದು ಕೇಳುವ ನಮ್ಮ ಹಿರಿಯರಿಗಿಂತ ಕಾನೂನು ಬಹುದೂರ ಮುಂದಿದೆ.

ಧಾರವಾಡದಿಂದಲೋ ಕಲಬುರಗಿಯಿಂದಲೋ ಓದಲು ಬಂದು, ಇಲ್ಲಿ ಬಾಡಿಗೆ ಕೋಣೆಯಲ್ಲಿರುವ ಹುಡುಗನಿಗೆ ಮಾದಕವಸ್ತುವಿನ ನಾಚಿಕೆ ಒಂದು, ಮೈಯ ನಾಚಿಕೆ ಇನ್ನೊಂದು. ವೈದ್ಯರ ಮುಂದೆ ಮೊದಲನೆಯದನ್ನು ಹೇಳಿದರೂ ಎರಡನೆಯದನ್ನು ನುಂಗಿಕೊಳ್ಳುತ್ತಾನೆ. ಅಪಾಯಕರ ಸಂಪರ್ಕವಾದ ಮೇಲೆ ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಈ ಅವಧಿಯನ್ನು ತಿಂದುಹಾಕಲು ನಾಚಿಕೆಯೊಂದೇ ಸಾಕು. ಪೊಲೀಸರ ಭಯವೂ ಸೇರುತ್ತದೆ. ಆದರೆ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ, ಮಾದಕವಸ್ತು ಕಾಯಿದೆಯ 64ಎ ಕಲಮು ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಎಚ್‌ಐವಿ ಸೋಂಕಿತರ ಗೋಪ್ಯತೆಗೆ 2017ರ ಕಾಯಿದೆಯ ಬೆಂಬಲವಿದೆ. ಇವನ್ನು ಅವನಿಗೆ ಕನ್ನಡದಲ್ಲಿ ತಿಳಿಸಿದವರು ಯಾರು?

ರಾಜ್ಯೋತ್ಸವಕ್ಕೆ ಊರಿನಿಂದ ಹಾಸ್ಯಗಾರರನ್ನು ಕರೆಸುವ ಪರನಾಡಿನ ಸಂಘಗಳು ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನೂ ಕರೆಸಬಾರದೇಕೆ? ಹೆತ್ತವರಿಗೊಂದು ಸಂಜೆ, ಮಕ್ಕಳಿಗೆ ಇನ್ನೊಂದು. ಅಪ್ಪ ಮುಂದಿನ ಸಾಲಿನಲ್ಲಿ ಕುಳಿತಿದ್ದರೆ ಯಾವ ಮಗನೂ ಬಾಯಿ ಬಿಡಲಾರ.