ಕಾವಲ್ ಎಂಬ ರೂಪ: ‘ಬಂಜರು’ ಎಂಬ ಮಾತಿಗೊಂದು ಪ್ರತಿವಾದ

ಜೀವಿಗಳ ರೂಪವನ್ನು ವಿಚಾರಿಸುವ ಶಾಸ್ತ್ರಕ್ಕೂ ಪದಗಳ ರೂಪವನ್ನು ವಿಚಾರಿಸುವ ಶಾಸ್ತ್ರಕ್ಕೂ ಯುರೋಪಿನ ಭಾಷೆಗಳಲ್ಲಿ ಒಂದೇ ಹೆಸರು: ಮಾರ್ಫಾಲಜಿ. ಜೀವವಿಜ್ಞಾನದಲ್ಲಿ ಆ ಹೆಸರಿಗೆ ನೆಲೆ ಒದಗಿಸಿದವನು ಜರ್ಮನ್ ಕವಿ ಗಯಟೆ. 1859ರಲ್ಲಿ ಭಾಷಾವಿಜ್ಞಾನಿ ಆಗಸ್ಟ್ ಷ್ಲೈಖರ್ ಅದನ್ನು ಭಾಷೆಗೆ ಅನ್ವಯಿಸಿದನು. ನಮ್ಮಲ್ಲಿ ಈ ಎರಡು ಶಾಸ್ತ್ರಗಳು ಬೇರೆ ಬೇರೆ ಹೆಸರಿನಿಂದ ಬೇರೆ ಬೇರೆ ವಿಭಾಗಗಳಲ್ಲಿ ನಡೆಯುತ್ತವೆ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಆದರೆ ಎರಡೂ ಕಡೆ ಒಂದು ದೋಷ ಮಾತ್ರ ಸಮಾನವಾಗಿ ಬೇರೂರಿದೆ. ಒಂದು ಗಳಿಗೆಯಲ್ಲಿ ಕಣ್ಣಿಗೆ ಬಿದ್ದ ಹೊರನೋಟವನ್ನೇ ‘ರೂಪ’ವೆಂದು ನಿರ್ಣಯಿಸುವುದೇ ಆ ದೋಷ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಅದಕ್ಕೆ ಬೆಲೆ ತೆತ್ತ ನೆಲ.

ಗಯಟೆಗೆ ಈ ಅಪಾಯದ ಅರಿವಿತ್ತು. 1817ರಿಂದ ಪ್ರಕಟಿಸತೊಡಗಿದ ತನ್ನ ರೂಪಶಾಸ್ತ್ರದ ಬರಹಗಳಲ್ಲಿ ಅವನು, ‘ಗೆಸ್ಟಾಲ್ಟ್’ ಎಂಬ ಜರ್ಮನ್ ಪದವು ಚಲಿಸುವುದನ್ನು ಸ್ಥಿರವೆಂದು ಭ್ರಮಿಸುವಂತೆ ಮಾಡುತ್ತದೆ, ಜೀವಿಗಳ ವಿಷಯದಲ್ಲಿ ‘ಆಗುತ್ತಿರುವಿಕೆ’ಯನ್ನು ಹೇಳುವ ‘ಬಿಲ್ಡುಂಗ್’ ಎಂಬ ಪದವೇ ಯುಕ್ತವೆಂದು ಎಚ್ಚರಿಸಿದನು. ಜೈನಶಾಸ್ತ್ರವನ್ನು ಓದಿದವರಿಗೆ ಇದು ಹೊಸ ವಿಚಾರವಲ್ಲ. ಸತ್ ಎಂಬುದು ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರರಿಂದಲೂ ಕೂಡಿದ್ದೆಂದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಯವರು ನಿರೂಪಿಸಿದ್ದಾರೆ. ಒಂದು ಪರ್ಯಾಯವನ್ನು ಕಂಡು ದ್ರವ್ಯವನ್ನೇ ಕಂಡೆನೆನ್ನುವುದು ಏಕಾಂತವಾದ.

ಮೊದಲು ಪದವನ್ನು ಪರೀಕ್ಷಿಸೋಣ. ‘ಬಾಗಿಲಲ್ಲಿ ಕಾದವನು’, ‘ಒಲೆಯ ಮೇಲೆ ಕಾದ ನೀರು’ ಎಂಬಲ್ಲಿ ‘ಕಾದ’ ಎಂಬ ರೂಪ ಅಕ್ಷರಶಃ ಒಂದೇ. ಹಿಂದೆ ಸರಿದು ನೋಡಿದರೆ ರಕ್ಷಿಸು ಎಂಬರ್ಥದ ‘ಕಾಯ್’, ಬಿಸಿಯಾಗು ಎಂಬರ್ಥದ ‘ಕಾಯ್’, ಫಲಿಸು ಎಂಬರ್ಥದ ‘ಕಾಯ್’ ಎಂದು ಮೂರು ಧಾತುಗಳು ಎದುರಾಗುತ್ತವೆ. ಬಿಡಿಯಾಗಿ ಎಷ್ಟು ದಿಟ್ಟಿಸಿದರೂ ಅವುಗಳ ಭೇದ ಕಾಣದು. ಅವು ತಾಳುವ ವಿಕಾರಗಳನ್ನು ಸಾಲಾಗಿ ಇಟ್ಟಾಗ ಮಾತ್ರ ಕುಲ ತಿಳಿಯುತ್ತದೆ: ಮೊದಲನೆಯದರಿಂದ ಕಾಪು, ಕಾಪಾಡು, ಕಾವಲ್; ಎರಡನೆಯದರಿಂದ ಕಾವು, ಕಾಸು; ಮೂರನೆಯದರಿಂದ ಕಾಯಿ. ಪದದ ರೂಪವೆಂದರೆ ಈ ಸಾಲೇ ಹೊರತು ಅದರೊಳಗಿನ ಒಂದು ಬಿಂದುವಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮಾಡಿದ್ದು ಇದನ್ನೇ. ಪ್ರಕೃತಿ, ಪ್ರತ್ಯಯ, ಆಗಮ, ಆದೇಶ, ಲೋಪ ಎಂಬ ಪರಿಭಾಷೆಯೆಲ್ಲ ರೂಪಾಂತರದ ವಿವರಣೆಗಾಗಿ ಇರುವಂಥದು. ಆತನು ಸೂತ್ರವನ್ನು ಹೇಳಿ ಸುಮ್ಮನಾಗದೆ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಡುತ್ತಾನೆ. ನಾವಾದರೋ ಪ್ರಯೋಗವನ್ನು ಬಿಟ್ಟು ಸೂತ್ರವನ್ನು ಕಂಠಪಾಠ ಮಾಡಿಸಿ, ವ್ಯಾಕರಣವನ್ನು ಎರಡು ಅಂಕದ ಪ್ರಶ್ನೆಯಾಗಿಸಿ, ಆಮೇಲೆ ಅದು ಒಣಶಾಸ್ತ್ರವೆಂದು ದೂರುತ್ತೇವೆ. ಒಣಗಿಸಿದವರು ನಾವು, ಅಪವಾದ ಕೇಶಿರಾಜನಿಗೆ.

ಈಗ ನೆಲಕ್ಕೆ ಬರೋಣ. ಏಪ್ರಿಲಿನಲ್ಲಿ ಕಾವಲನ್ನು ನೋಡಿದವನಿಗೆ ಕಾಣುವುದು ಕರಡ, ಕಲ್ಲು, ಬಿಸಿಲು. ಬಹುವಾರ್ಷಿಕ ಹುಲ್ಲಿನ ಬುಡ ಮಣ್ಣಿನಲ್ಲಿ ಜೀವ ಹಿಡಿದುಕೊಂಡು ಮುಂಗಾರಿಗೆ ಕಾದಿರುವುದು ಆ ನೋಟಕ್ಕೆ ನಿಲುಕದು. ಅಲ್ಲಿಯ ಕೃಷ್ಣಮೃಗವನ್ನೇ ನೋಡಿ: ಎಳೆಯ ಗಂಡು ಹೆಣ್ಣಿನಂತೆಯೇ ಕಂದು, ಬೆಳೆದಂತೆ ಬೆನ್ನು ಕಪ್ಪಾಗುತ್ತದೆ, ಕೊಂಬು ತಿರುಚಿ ಏರುತ್ತದೆ. ಒಮ್ಮೆ ಮಾತ್ರ ನೋಡಿದವನು ಒಂದು ಪ್ರಾಣಿಯನ್ನು ಎರಡೆಂದು ಎಣಿಸಿಯಾನು.

ಕಾವಲ್ ಎಂಬ ವ್ಯವಸ್ಥೆಯೂ ಹೀಗೆ ಕಾಲದಲ್ಲಿ ಹರಡಿದ ರೂಪ. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ಮಂದೆಗಳನ್ನು ನಡೆಸುತ್ತಿದ್ದರು. ಹಿಂದಕ್ಕೆ ಬಾಗಿ ಮೇಲಕ್ಕೇರಿದ ಕೊಂಬು, ಬಿಗಿಯಾದ ಮೈಕಟ್ಟು, ದಣಿಯದ ನಡೆ ಇವು ದೂರದ ಮೇವಿನಲ್ಲಿ ಬೆಳೆಸಿ, ಸೈನ್ಯದ ಭಾರ ಎಳೆಯಲು ಆರಿಸಿಕೊಂಡ ತಳಿಯ ಲಕ್ಷಣಗಳು. ಹಸುವಿನ ಆಕಾರದಲ್ಲಿ ಹುಲ್ಲುಗಾವಲಿನ ಪಾತ್ರವೂ ಉಂಟು.

ಇಂತಹ ನೆಲವನ್ನು ‘ಬಂಜರು’ ಎಂದು ಕರೆಯುವುದು ವರ್ಣನೆಯಲ್ಲ, ತೀರ್ಪು. 2017ರ ಮೇ 28ರಂದು ವರವು ಕಾವಲ್‌ನಲ್ಲಿ, 4,290 ಎಕರೆಯಲ್ಲಿ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ದೇಶಕ್ಕೆ ಅಂತಹ ಸಂಸ್ಥೆ ಬೇಡವೆಂಬುದು ನನ್ನ ವಾದವಲ್ಲ. ‘ಅಲ್ಲಿ ಏನೂ ಇರಲಿಲ್ಲವಲ್ಲ’ ಎಂದು ಓದುಬಲ್ಲವರೇ ಹೇಳುವ ಸಮಾಧಾನಕ್ಕೆ ನನ್ನ ಆಕ್ಷೇಪ. ಇತ್ತು, ಅದನ್ನು ಹೇಳುವ ಪದವೇ ನೆಲದ ಹೆಸರಿನಲ್ಲಿತ್ತು. ‘ಕಾವಲ್’ ಕೃದಂತವಾದ್ದರಿಂದ ಅದರೊಳಗೊಂದು ಕ್ರಿಯೆಯಿದೆ. ಕಾಯುವವರು, ಕಾಯಲ್ಪಡುವುದು ಎರಡೂ ಇಲ್ಲದೆ ಆ ಪದಕ್ಕೆ ಅರ್ಥವಿಲ್ಲ. ‘ಬಂಜರು’ ಎಂದೊಡನೆ ಕರ್ತೃವೂ ಕರ್ಮವೂ ಒಟ್ಟಿಗೆ ಅಳಿದುಹೋಗುತ್ತವೆ.

‘ತಳಿಯನ್ನು ಸಂವರ್ಧನಾ ಕೇಂದ್ರದಲ್ಲಿ ಉಳಿಸಿದರೆ ಸಾಲದೆ?’ ಎಂದು ಕೇಳುವವರಿದ್ದಾರೆ. ಆ ಕೆಲಸ ಅಗತ್ಯವೇ, ಆದರೆ ಸಾಲದು. ಧಾತುಪಾಠವನ್ನಷ್ಟೇ ಉಳಿಸಿ ಕಾವ್ಯಗಳನ್ನೆಲ್ಲ ಕಳೆದುಕೊಂಡರೆ ಕನ್ನಡ ಉಳಿಯಿತೆನ್ನಲಾದೀತೆ? ಪ್ರಯೋಗವಿಲ್ಲದ ಧಾತುವಿನಂತೆಯೇ ಮೇವಿನ ನೆಲವಿಲ್ಲದ ತಳಿ.

ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಗುರುತಿಸಿದರು. ಒಂದರಲ್ಲಿ ಸವೆದ ಪಾಠವನ್ನು ಇನ್ನೊಂದರೊಡನೆ ಹೋಲಿಸಿ ಓದುವುದು ಸಂಶೋಧಕರಿಗೆ ಸಹಜ. ಸವೆದ ಕಲ್ಲನ್ನು ಯಾರೂ ಬರಿಗಲ್ಲು ಎನ್ನುವುದಿಲ್ಲ. ಆ ತಾಳ್ಮೆಯನ್ನು ಹುಲ್ಲುಗಾವಲಿಗೂ ತೋರಬೇಕೆಂಬುದು ನನ್ನ ಬೇಡಿಕೆ. ಈ ಸೀಮೆಯ ಮ್ಯಾಸಬೇಡರ ದೇವರೆತ್ತುಗಳನ್ನು ನೋಡಿಕೊಳ್ಳುವ ಕಿಲಾರಿಗಳ ಬಾಯಲ್ಲಿ, ಕಾಡುಗೊಲ್ಲರ ಹಟ್ಟಿಗಳಲ್ಲಿ, ಹುಲ್ಲಿಗೂ ಮಳೆಗೂ ಕೊಂಬಿನ ಬಗೆಗೂ ಇರುವ ಪದಗಳನ್ನು ಅವುಗಳ ಪ್ರಯೋಗದೊಡನೆ, ಯಾವ ಋತುವಿನಲ್ಲಿ, ಯಾವ ನೆಲದಲ್ಲಿ ಆಡಿದ್ದೆಂಬುದರ ಸಹಿತ ದಾಖಲಿಸಿರಿ. ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊರಗಿನ ಕೆಲಸವಲ್ಲ. ಕೇಶಿರಾಜನು ಹಿಡಿದ ದಾರಿಯೇ. ಮೇಯುವ ನೆಲ ಕಿರಿದಾದಂತೆ ಆ ಪದಗಳನ್ನು ಆಡುವ ಸಂದರ್ಭವೂ ಕಿರಿದಾಗುತ್ತಿದೆ. ಆದುದರಿಂದ ಈ ಕೆಲಸ ಬೇಗ ಆಗಬೇಕು.